ಸಮೀಕರಣ ಸರಿಯಿದೆ, ಅಳತೆ ಎಲ್ಲಿದೆ? ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಎಣ್ಮಕಜೆ ಕಡೆಯ ಅಡಿಕೆ ಕೃಷಿಕ. ಕಾಲೇಜಿನಲ್ಲಿ ಗಣಿತ ಕಲಿಸುವುದು ನನ್ನ ಉದ್ಯೋಗ. ತರಗತಿಯಲ್ಲಿ ಕಲಿಸುವ ಸಮೀಕರಣಗಳಿಗೂ ತೋಟದಲ್ಲಿ ಆಗುವ ನಷ್ಟಕ್ಕೂ ನೇರ ಸಂಬಂಧ ಇದೆ ಎಂದು ನನಗೆ ವರ್ಷ ಕಳೆದಂತೆ ಸ್ಪಷ್ಟವಾಗುತ್ತಿದೆ. ಆ ಸಂಬಂಧವನ್ನು ತಮ್ಮ ಮುಂದೆ ಇಟ್ಟು, ಜಿಲ್ಲಾಡಳಿತದಿಂದ ಆಗಬಹುದಾದ ಕೆಲವು ಕೆಲಸಗಳನ್ನು ಕೇಳಲು ಈ ಪತ್ರ. ಜಿಲ್ಲಾ ಪಂಚಾಯತಿನವರೂ ಕೃಷಿ ಇಲಾಖೆಯವರೂ ನಮ್ಮ ಊರಿನ ಕೃಷಿಕರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನಾವು ಕಂಡದ್ದನ್ನು ಹೇಳುತ್ತೇನೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಜೋರು ಮಳೆಯ ಆಟಿ ತಿಂಗಳಲ್ಲಿ ತೋಟಕ್ಕೆ ನೀರು ಬಿಡುವುದೋ ಬೇಡವೋ ಎಂದು ಯೋಚಿಸಬೇಕಾಗಿ ಬಂತು. ನಮ್ಮ ಹಿರಿಯರು ಇಂಥದ್ದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ. 2025ರಲ್ಲಿ ಎಲ್ಲ ತಿರುಗಾಮುರುಗ. ಮೇ 24ಕ್ಕೇ ಮುಂಗಾರು ಬಂತು, ವಾಡಿಕೆಗಿಂತ ಎಂಟು ದಿನ ಮೊದಲು. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಹೊತ್ತಿಗೇ ಜಡಿಮಳೆ. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಬಿಡಬೇಕು. ಎಷ್ಟೋ ತೋಟಗಳಲ್ಲಿ ಅದಕ್ಕೆ ಪುರುಸೊತ್ತೇ ಸಿಗಲಿಲ್ಲ.

ಈ ಮದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹವಾಮಾನ ಮುನ್ಸೂಚನೆ ಅಡಿಕೆ ಕೃಷಿಕನಿಗೆ ಎಲ್ಲಿ ಬೇಕಾಗುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಶೇಕಡಾ 1ರ ಬೋರ್ಡೋ ದ್ರಾವಣ. ಗೊನೆ ಒಣಗಿರುವಾಗ ಬಿಡಬೇಕು. ಬಿಟ್ಟ ಮೇಲೆ ಕೆಲವು ಗಂಟೆ ಮಳೆ ಬರಬಾರದು. ಸುಮಾರು 40-45 ದಿನ ಕಳೆದು ಎರಡನೇ ಸಲ. ಮಳೆ ಎಳೆದರೆ ಮೂರನೇ ಸಲ. ಮರ ಹತ್ತುವವರು ಈಗ ಬಹಳ ಕಡಿಮೆ. ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ನೆಲದಿಂದಲೇ ಮದ್ದು ಬಿಡುವವರನ್ನೂ ಎಷ್ಟೋ ದಿನ ಮೊದಲೇ ಹೇಳಿ ಇಡಬೇಕು. ಅವರು ಬರುವ ದಿನ ಮಳೆ ಬಂದರೆ ಕೂಲಿಯೂ ಹೋಯಿತು, ಮದ್ದೂ ಹೋಯಿತು. ಮಳೆಗೆ ಹೆದರಿ ಅವರನ್ನು ವಾಪಸ್ ಕಳಿಸಿ, ಆಮೇಲೆ ಬಿಸಿಲು ಬಂದರೆ, ಮತ್ತೆ ಅವರು ಸಿಗುವುದು ಯಾವಾಗಲೋ. ಅಷ್ಟರಲ್ಲಿ ಕೊಳೆ ಶುರುವಾಗಿರುತ್ತದೆ. ಒಂದು ಗೊನೆಗೆ ಬಂದರೆ ಮಳೆಹನಿ ಸಿಡಿದು ಪಕ್ಕದ ಮರಕ್ಕೂ ಹೋಗುತ್ತದೆ.

ಹೀಗಿರುವಾಗ ನಮಗೆ ಸಿಗುವ ಮುನ್ಸೂಚನೆ ಏನು? ಇಡೀ ಜಿಲ್ಲೆಗೆ ಒಂದು ಬಣ್ಣ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬರುವ ಸಾಧ್ಯತೆ ಇದ್ದರೆ ಹಳದಿ, ಅದಕ್ಕಿಂತ ಮೇಲೆ 204.4ರ ತನಕ ಕಿತ್ತಳೆ, ಅದನ್ನೂ ಮೀರಿದರೆ ಕೆಂಪು. ಜೀವ ಉಳಿಸಲು, ಶಾಲೆಗೆ ರಜೆ ಕೊಡಲು, ಹೊಳೆ ಬದಿಯವರನ್ನು ಎಚ್ಚರಿಸಲು ಈ ಬಣ್ಣ ಬೇಕೇ ಬೇಕು. ಅದರ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ನಮ್ಮ ಜಿಲ್ಲೆ ಮಂಜೇಶ್ವರದ ಕಡಲ ತೀರದಿಂದ ಪಾಣತ್ತೂರಿನ ಘಟ್ಟದ ಬುಡದ ತನಕ ಇದೆ. ಕುಂಬಳೆಯಲ್ಲಿ ಬಿಸಿಲು ಕಾಯುತ್ತಿರುವಾಗ ಪೆರ್ಲದಲ್ಲಿ ಮಳೆ ಸುರಿಯುವುದು ನಮಗೆಲ್ಲ ಗೊತ್ತಿರುವ ವಿಷಯ. ಕಡಲ ಕಡೆಯಿಂದ ಬರುವ ತೇವದ ಗಾಳಿ ಗುಡ್ಡೆಗಳನ್ನು ಏರುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಆದ್ದರಿಂದ ಒಳನಾಡಿನ ಮಳೆಯ ಲೆಕ್ಕವೇ ಬೇರೆ. ಮದ್ದು ಬಿಡುವವನಿಗೆ ಜಿಲ್ಲೆಯ ಬಣ್ಣದಿಂದ ಏನೂ ತಿಳಿಯುವುದಿಲ್ಲ. ಅವನಿಗೆ ಬೇಕಾದದ್ದು ನಾಳೆ ಬೆಳಗ್ಗೆ 7ರಿಂದ 12ರ ತನಕ ತನ್ನ ಊರಲ್ಲಿ ಮಳೆ ಇದೆಯೋ ಇಲ್ಲವೋ ಎಂಬುದು.

ಇದಕ್ಕೆ ಉತ್ತರ ಸಿಗುವುದು ಸಮೀಕರಣಗಳಿಂದ. ಅದು ಹೇಗೆ ಎಂದು ಸರಳವಾಗಿ ಹೇಳುತ್ತೇನೆ. ನನ್ನ ಬೇಡಿಕೆಗಳೆಲ್ಲ ಅದರ ಮೇಲೆ ನಿಂತಿವೆ.

ಗಾಳಿಯ ಸ್ಥಿತಿ ಹೇಳಲು ಏಳು ಸಂಖ್ಯೆ ಸಾಕು ಎಂದು ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ 1904ರಲ್ಲಿ ಹೇಳಿದರು. ಮೂರು ದಿಕ್ಕಿನ ವೇಗ, ಒತ್ತಡ, ಉಷ್ಣತೆ, ಸಾಂದ್ರತೆ, ತೇವಾಂಶ. ಈ ಏಳಕ್ಕೂ ಭೌತಶಾಸ್ತ್ರದಲ್ಲಿ ನಿಯಮಗಳಿವೆ. ಹಾಗಾಗಿ ಇವತ್ತಿನ ಸ್ಥಿತಿ ಸರಿಯಾಗಿ ಗೊತ್ತಿದ್ದರೆ ನಾಳೆಯದನ್ನು ಲೆಕ್ಕ ಹಾಕಬಹುದು. ಇದು ಅವರ ಮಾತಿನ ಸಾರ. ಆದರೆ ಈ ಸಮೀಕರಣಗಳಿಗೆ ಸೂತ್ರ ಹಾಕಿ ಬಿಡಿಸುವ ದಾರಿ ಇಲ್ಲ. ಭೂಮಿಯನ್ನು ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದು ಸಂಖ್ಯೆ ಕೊಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಕಾಲವನ್ನು ಮುಂದೆ ತಳ್ಳಬೇಕು.

ಅದನ್ನು ಮೊದಲು ಕೈಯಲ್ಲೇ ಲೆಕ್ಕ ಹಾಕಿ ನೋಡಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು. 1910ರ ಮೇ 20ರ ಹಳೆಯ ದಾಖಲೆ ಇಟ್ಟುಕೊಂಡು, ಮಧ್ಯ ಯುರೋಪಿನಲ್ಲಿ ಆರು ಗಂಟೆಯಲ್ಲಿ ಒತ್ತಡ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕಿದರು. ಉತ್ತರ ಬಂದದ್ದು 145 ಹೆಕ್ಟೋಪಾಸ್ಕಲ್ ಏರಿಕೆ. ಆ ದಿನ ನಿಜವಾಗಿ ಒತ್ತಡ ಹೆಚ್ಚುಕಡಿಮೆ ಬದಲಾಗದೆ ಇತ್ತು. ಲೆಕ್ಕ ಪೂರ್ತಿ ತಪ್ಪು. ಆದರೂ 1922ರಲ್ಲಿ ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಎಷ್ಟೋ ವರ್ಷಗಳ ನಂತರ ಪೀಟರ್ ಲಿಂಚ್ ಎಂಬ ಐರಿಷ್ ವಿಜ್ಞಾನಿ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ನೋಡಿದರು. ಸಮೀಕರಣ ಸರಿಯೇ ಇತ್ತು. ಆರಂಭದಲ್ಲಿ ಹಾಕಿದ ಗಾಳಿಯ ಮತ್ತು ಒತ್ತಡದ ಅಂಕೆಗಳು ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ. ಅದನ್ನು ಸರಿಪಡಿಸಿದ ಕೂಡಲೇ ಅದೇ ಸಮೀಕರಣದಿಂದ ನಂಬಬಹುದಾದ ಉತ್ತರ ಬಂತು.

ಈ ಘಟನೆಯನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ತಮಗೂ ಹೇಳಬೇಕು ಅನಿಸಿತು. ಯಾಕೆಂದರೆ ನಮ್ಮ ಜಿಲ್ಲೆಯ ಕಥೆಯೂ ಬಹುಮಟ್ಟಿಗೆ ಇದೇ. ಸಮೀಕರಣಕ್ಕೆ ಬರಗಾಲ ಇಲ್ಲ. ಕಂಪ್ಯೂಟರಿಗೂ ಬರಗಾಲ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ಅರ್ಕ, ನೋಯ್ಡಾದಲ್ಲಿ ಅರುಣಿಕಾ ಎಂಬ ಸೂಪರ್ ಕಂಪ್ಯೂಟರುಗಳು ಹವಾಮಾನ ಲೆಕ್ಕಕ್ಕೆಂದೇ ಬಂದವು. 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತು. ಮೊದಲು 12 ಕಿಲೋಮೀಟರ್ ಇದ್ದ ಚೌಕ ಈಗ 6 ಕಿಲೋಮೀಟರ್. ಇದು ಸಣ್ಣ ಸಾಧನೆ ಅಲ್ಲ. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟು. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಲೇಬೇಕು, ಇಲ್ಲದಿದ್ದರೆ ಲೆಕ್ಕ ಹುಚ್ಚುಹುಚ್ಚಾಗಿ ಏರುತ್ತದೆ. ಇದನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಒಟ್ಟು ಕೆಲಸ ಎಂಟು ಪಟ್ಟು ಜಾಸ್ತಿ. ಅಷ್ಟು ಕಷ್ಟಪಟ್ಟ ವಿಜ್ಞಾನಿಗಳ ಬಗ್ಗೆ ನನಗೆ ತುಂಬ ಗೌರವ ಇದೆ.

ಆದರೆ 6 ಕಿಲೋಮೀಟರ್ ಚೌಕ ಎಂದರೆ 36 ಚದರ ಕಿಲೋಮೀಟರಿಗೆ ಒಂದು ಸಂಖ್ಯೆ. ಅದರೊಳಗೆ ನಮ್ಮಲ್ಲಿ ಎಷ್ಟು ಗುಡ್ಡೆ, ಎಷ್ಟು ಕಣಿವೆ ಬರುತ್ತದೆ ಎಂದು ಬಾಯಾರು, ಪೈವಳಿಕೆ ಕಡೆ ಒಮ್ಮೆ ಬಂದರೆ ತಮಗೇ ತಿಳಿಯುತ್ತದೆ. ಪೊಸಡಿ ಗುಂಪೆ ಗುಡ್ಡೆಯ ತುದಿಯೂ ಕೆಳಗಿನ ತೋಟವೂ ಕಂಪ್ಯೂಟರಿನಲ್ಲಿ ಒಂದೇ ಎತ್ತರ. ಅಲ್ಲದೆ ಒಂದೇ ಒಂದು ಚೌಕದ ಉತ್ತರವನ್ನು ಬಿಡಿಯಾಗಿ ನಂಬುವ ಹಾಗೂ ಇಲ್ಲ. ಇಂಥ ಲೆಕ್ಕದಲ್ಲಿ ಅಕ್ಕಪಕ್ಕದ ಹಲವು ಚೌಕ ಸೇರಿದಾಗಲೇ ಒಂದು ಮಳೆಮೋಡದ ಆಕಾರ ಸರಿಯಾಗಿ ಮೂಡುತ್ತದೆ.

2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯತಿ ಮಟ್ಟದ ಮುನ್ಸೂಚನೆಯೂ ಶುರುವಾಗಿದೆ. ಪಂಚಾಯತಿಯ ಹೆಸರು ಒತ್ತಿದರೆ ಅಂಕೆಗಳು ಬರುತ್ತವೆ. ಕೇಳಲು ಬಹಳ ಚಂದ. ಆದರೆ ನಮ್ಮ ಪಂಚಾಯತಿಯ ಹೆಸರಿನ ಪಕ್ಕ ಒಂದು ಸಂಖ್ಯೆ ಬಂದ ಮಾತ್ರಕ್ಕೆ ನಮ್ಮ ಗುಡ್ಡೆಯ ಲೆಕ್ಕ ಆಯಿತು ಎಂದಲ್ಲ. ಆ ಸಂಖ್ಯೆ ನಮ್ಮಲ್ಲಿ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು, ಯಾವ ತಿಂಗಳಲ್ಲಿ ಜಾಸ್ತಿ ತಪ್ಪು, ಯಾವಾಗಲೂ ಕಡಿಮೆಯೇ ಹೇಳುತ್ತದೆಯೋ ಎಂದು ನೋಡಿ ತಿದ್ದಬೇಕು. ತಿದ್ದುವುದು ದೊಡ್ಡ ಗಣಿತವಲ್ಲ. ನನ್ನ ವಿದ್ಯಾರ್ಥಿಗಳೂ ಮಾಡಬಲ್ಲರು. ಆದರೆ ಅದಕ್ಕೆ ನಮ್ಮ ಊರಿನಲ್ಲಿ ನಿಜವಾಗಿ ಬಿದ್ದ ಮಳೆಯ ಲೆಕ್ಕ ಬೇಕು, ದಿನಕ್ಕೊಂದಲ್ಲ, ಗಂಟೆಗೊಂದರಂತೆ ಬೇಕು. ಅದು ಎಲ್ಲಿದೆ?

ಜಿಲ್ಲೆಯಲ್ಲಿ ಕೆಲವು ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಬಂದಿವೆ. ಸಂತೋಷ. ಆದರೆ ನಮ್ಮಲ್ಲಿ 38 ಗ್ರಾಮ ಪಂಚಾಯತಿಗಳಿವೆ. ಕೇಂದ್ರಗಳು ಅಷ್ಟಿಲ್ಲ. ಗಡಿ ದಾಟಿ ಪಾಣಾಜೆಗೋ ವಿಟ್ಲದ ಕಡೆಗೋ ಹೋದರೆ ಪರಿಸ್ಥಿತಿ ಬೇರೆ. ಕರ್ನಾಟಕದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ. 15 ನಿಮಿಷಕ್ಕೊಮ್ಮೆ ಅಂಕೆ ತಾನಾಗಿ ಬೆಂಗಳೂರಿಗೆ ಹೋಗುತ್ತದೆ. 'ವರುಣ ಮಿತ್ರ' ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲಿ ಮಳೆಯ ಮಾಹಿತಿ ಸಿಗುತ್ತದೆ. ಅಲ್ಲಿರುವುದೂ ನಮ್ಮದೇ ಅಡಿಕೆ, ನಮ್ಮದೇ ಮಣ್ಣು, ನಮ್ಮದೇ ನೆಂಟರು. ಅವರಿಗೆ ಸಿಗುವುದು ನಮಗೆ ಯಾಕೆ ಸಿಗಬಾರದು? ಕೇರಳದಲ್ಲೂ ಮಾದರಿ ಇಲ್ಲದಿಲ್ಲ. ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಊರೂರಿನ ಜನರ ಕೈಯಲ್ಲೇ ಮಳೆ ಅಳೆಸಿ ದೊಡ್ಡ ಜಾಲ ಕಟ್ಟಿದೆ. ಸರಕಾರಿ ಅಲ್ಲದ ಒಂದು ಸಂಸ್ಥೆಗೆ ಸಾಧ್ಯವಾದದ್ದು ಒಂದು ಜಿಲ್ಲಾಡಳಿತಕ್ಕೆ ಖಂಡಿತ ಸಾಧ್ಯ.

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇದೆ. ಬೆಳಗ್ಗೆ ಮಳೆಮಾಪಕದ ನೀರು ಅಳೆದು ಬರೆದಿಡುವುದು ತಂದೆಯಿಂದ ಮಗನಿಗೆ, ಸೊಸೆಗೆ ಬಂದ ಅಭ್ಯಾಸ. ದಶಕಗಳ ಲೆಕ್ಕ ಆ ಪುಸ್ತಕಗಳಲ್ಲಿ ಇದೆ. ಅದನ್ನು ಯಾರೂ ಕೇಳಿಲ್ಲ. ಗೆದ್ದಲು ತಿನ್ನುವ ಮೊದಲು ಅದನ್ನು ಸ್ಕ್ಯಾನ್ ಮಾಡಿಸಿ, ಪರೀಕ್ಷಿಸಿ, ಒಂದು ಕಡೆ ಸೇರಿಸಿದರೆ ಇಡೀ ಪಶ್ಚಿಮ ಘಟ್ಟದ ಅಧ್ಯಯನಕ್ಕೆ ಅದು ದೊಡ್ಡ ಆಸ್ತಿ.

ಅಳತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಳೆ ವಿಮೆ ಒಂದು ಉದಾಹರಣೆ. ಹವಾಮಾನ ಆಧಾರಿತ ವಿಮೆಯಲ್ಲಿ ಸಾಮಾನ್ಯವಾಗಿ ತೋಟಕ್ಕೆ ಬಂದು ನಷ್ಟ ನೋಡುವ ಕ್ರಮ ಇಲ್ಲ. ಗೊತ್ತುಮಾಡಿದ ಒಂದು ಹವಾಮಾನ ಕೇಂದ್ರದ ಮಳೆ, ಉಷ್ಣತೆ ನೋಡಿ ಪರಿಹಾರ ನಿರ್ಧಾರ ಆಗುತ್ತದೆ. ತತ್ವ ಒಳ್ಳೆಯದೇ. ಆದರೆ ಆ ಕೇಂದ್ರ ದೂರದಲ್ಲಿದ್ದರೆ? ನಮ್ಮ ನೆರೆಯ ಒಬ್ಬರ ತೋಟದಲ್ಲಿ ಬಿಡದ ಮಳೆಗೆ ಮುಕ್ಕಾಲು ಬೆಳೆ ಕೊಳೆತು ಬಿತ್ತು. ಕಂತು ಕಟ್ಟಿದ್ದರು. ವಿಮೆಯವರು ತೋರಿಸಿದ್ದು ಬೇರೆ ಊರಿನ ಕೇಂದ್ರದ ಅಂಕೆ. ಅಲ್ಲಿ ಅಷ್ಟು ಮಳೆ ದಾಖಲಾಗಿರಲಿಲ್ಲ. ಪರಿಹಾರ ಸಿಗಲಿಲ್ಲ. ಅವರಿಗೆ ಎದುರು ಮಾತಾಡಲು ಕೈಯಲ್ಲಿ ಒಂದು ಅಂಕೆಯೂ ಇರಲಿಲ್ಲ. ಮನೆಯ ಮಳೆ ಪುಸ್ತಕ ತೋರಿಸಿದರೆ ಅದು ಲೆಕ್ಕಕ್ಕಿಲ್ಲ ಎಂದರು.

ಎಣ್ಮಕಜೆಯವನಾಗಿ ಇದನ್ನು ಸುಮ್ನೆ ಹೇಳುತ್ತಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದಲ್ಲಿ ಗಾಳಿ ಯಾವ ಕಡೆ ಬೀಸುತ್ತಿತ್ತು, ಎಷ್ಟು ದೂರ ಆ ವಿಷ ಹೋಯಿತು ಎಂದು ಊರಲ್ಲಿ ಅಳೆದವರು ಇರಲಿಲ್ಲ. ಆಮೇಲೆ ಸಾಬೀತು ಮಾಡುವ ಭಾರ ಸಂತ್ರಸ್ತರ ತಲೆಗೇ ಬಂತು. ಅಳತೆ ಇಲ್ಲದ ಊರಿನ ನೋವಿಗೆ ಸಾಕ್ಷಿ ಇರುವುದಿಲ್ಲ ಎಂದು ನಾವು ಬಹಳ ಬೆಲೆ ಕೊಟ್ಟು ತಿಳಿದಿದ್ದೇವೆ.

ಇನ್ನು ನೀರಿನ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಹನ್ನೆರಡು ಹೊಳೆಗಳು. ಹಾಗಿದ್ದೂ ಏಪ್ರಿಲ್ ಬಂದರೆ ಬಾವಿ ಬತ್ತುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್', ಅಂದರೆ ಅಂತರ್ಜಲದ ಸ್ಥಿತಿ ಗಂಭೀರ, ಎಂದು ಬಂದದ್ದೂ ಇದೆ. ಇದಕ್ಕೂ ಒಂದು ಸಮೀಕರಣ ಇದೆ. ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನ ಕೊಳವೆಯಲ್ಲಿ ನೀರು ಹರಿಸಿ ಕಂಡುಕೊಂಡದ್ದು. ನೀರಿನ ಮಟ್ಟದ ಇಳಿಜಾರು ಹೆಚ್ಚಿದ್ದಷ್ಟು, ಮಣ್ಣು ನೀರು ಬಿಟ್ಟುಕೊಟ್ಟಷ್ಟು, ಹರಿವು ಜಾಸ್ತಿ. ನಮ್ಮ ಮುರಕಲ್ಲು ತೂತು ತೂತಾಗಿರುವುದರಿಂದ ನೀರನ್ನು ಬೇಗ ಕುಡಿಯುತ್ತದೆ. ಅದರ ಕೆಳಗಿನ ಶೇಡಿ ಎಂಬ ಜೇಡಿ ಮಣ್ಣು ನೀರನ್ನು ಇಳಿಯಲು ಬಿಡುವುದಿಲ್ಲ. ಹಾಗಾಗಿ ಗುಡ್ಡೆ ಕುಡಿದ ನೀರು ಬದಿಗೆ ಜಾರಿ, ತೋಡಿಗೆ ಇಳಿದು, ಕಡಲು ಸೇರುತ್ತದೆ. ಗುಡ್ಡೆಯ ಒಳಕ್ಕೆ ನೀರಿಗಾಗಿ ಸುರಂಗ ತೋಡಿದ ನಮ್ಮ ಹಿರಿಯರು ಈ ಜಾರುವ ನೀರನ್ನೇ ಹಿಡಿದದ್ದು. ತೋಡಿಗೆ ಅಡ್ಡಲಾಗಿ ಕಟ್ಟ, ಅಂದರೆ ಸಣ್ಣ ಒಡ್ಡು, ಕಟ್ಟಿದರೆ ತೋಡಿನ ನೀರಿನ ಮಟ್ಟ ಏರುತ್ತದೆ. ಬಾವಿಗೂ ತೋಡಿಗೂ ಇರುವ ಇಳಿಜಾರು ಕಡಿಮೆಯಾಗುತ್ತದೆ. ಬಾವಿಯ ನೀರು ನಿಧಾನವಾಗಿ ಹೋಗುತ್ತದೆ. ಡಾರ್ಸಿ ಬರೆಯುವ ಎಷ್ಟೋ ಮೊದಲೇ ನಮ್ಮವರು ಮಾಡುತ್ತಿದ್ದದ್ದು ಇದನ್ನೇ.

ಒಂದು ತೋಡಿನಲ್ಲಿ ಕಟ್ಟಗಳು ಎಲ್ಲೆಲ್ಲಿ ಬೇಕು, ಒಂದಕ್ಕೊಂದು ಎಷ್ಟು ದೂರ ಇರಬೇಕು, ಯಾವಾಗ ಹಲಗೆ ಹಾಕಬೇಕು ಎಂಬುದನ್ನು ಈಗ ಲೆಕ್ಕ ಹಾಕಿ ಹೇಳಬಹುದು. ಹಿಂಗಾರು ಮಳೆ ತಡವಾಗಿ ಜೋರಾಗಿ ಬಂದರೆ ಬೇಗ ಕಟ್ಟಿದ ಕಟ್ಟ ಕೊಚ್ಚಿಹೋಗುತ್ತದೆ. ತಡ ಮಾಡಿದರೆ ಹಿಡಿಯಲು ನೀರೇ ಇರುವುದಿಲ್ಲ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಕೊಡುತ್ತದೆ. ಅದನ್ನು ಕಟ್ಟದ ಕೆಲಸಕ್ಕೆ, ಉದ್ಯೋಗ ಖಾತರಿಯ ಕೆಲಸದ ದಿನಗಳಿಗೆ ಜೋಡಿಸಿದರೆ ಎಷ್ಟು ಅನುಕೂಲ ಅಲ್ವಾ? ಆದರೆ ಇಲ್ಲೂ ಅದೇ ಕೊರತೆ. ಬಾವಿ, ಕೊಳವೆಬಾವಿಗಳ ನೀರಿನ ಮಟ್ಟ ಅಳೆಯುವ ಜಾಗಗಳು ತೀರಾ ಕಡಿಮೆ. ಕೊಳವೆಬಾವಿ ಕೊರೆಯುವಾಗ ಎಷ್ಟು ಅಡಿಯಲ್ಲಿ ಯಾವ ಮಣ್ಣು, ಎಲ್ಲಿ ಕಲ್ಲು, ಎಲ್ಲಿ ನೀರು ಎಂಬುದು ಕೊರೆಯುವವರಿಗೆ ಗೊತ್ತಾಗುತ್ತದೆ. ಆ ಮಾಹಿತಿ ಲಾರಿಯ ಜೊತೆಗೇ ಊರು ಬಿಟ್ಟು ಹೋಗುತ್ತದೆ. ಪರವಾನಿಗೆ ಕೊಡುವಾಗಲೇ ಈ ವಿವರ ಬರೆದು ಕೊಡಬೇಕು ಎಂಬ ಷರತ್ತು ಹಾಕಬಹುದು.

ಬಿಸಿಲಿನ ಬಗ್ಗೆ ಒಂದೆರಡು ಮಾತು. 1822ರಲ್ಲಿ ಫೋರಿಯರ್ ಪ್ರಕಟಿಸಿದ ಶಾಖದ ಸಮೀಕರಣವನ್ನು ನಾವು ಡಿಗ್ರಿ ತರಗತಿಯಲ್ಲಿ ಕಲಿಸುತ್ತೇವೆ. ಒಂದು ಸರಳು, ಎರಡೂ ತುದಿ ಸೊನ್ನೆ ಡಿಗ್ರಿ, ಉತ್ತರ ಬರೆಯಿರಿ. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಅದೇ ಸಮೀಕರಣವನ್ನು ತೋಟದ ಮಣ್ಣಿಗೆ ಹಾಕಿದರೆ ತಿಳಿಯುವುದು ಇದು: ಹಗಲು ರಾತ್ರಿಯ ಬಿಸಿಯ ಏರಿಳಿತ ಸುಮಾರು 12 ಸೆಂಟಿಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಸುಡುವುದು ಮೇಲಿನ ಒಂದು ಗೇಣು ಮಣ್ಣು. ಅಡಿಕೆಯ ಎಳೆ ಬೇರುಗಳು ಬಹಳಷ್ಟು ಇರುವುದೂ ಮೇಲ್ಮಣ್ಣಿನಲ್ಲೇ. ಬುಡಕ್ಕೆ ಸೊಪ್ಪು, ಸೋಗೆ ಹೊದೆಸಿದರೆ ಆ ಏರಿಳಿತ ಎಷ್ಟು ಕಡಿಮೆಯಾಗುತ್ತದೆ, ಎಷ್ಟು ದಪ್ಪ ಹೊದೆಸಬೇಕು ಎಂಬುದು ಒಬ್ಬ ವಿದ್ಯಾರ್ಥಿ ಒಂದು ಥರ್ಮಾಮೀಟರ್ ಹಿಡಿದು ಮಾಡಬಹುದಾದ ಕೆಲಸ. ನೈಋತ್ಯದ ಬಿಸಿಲಿಗೆ ಕಾಂಡ ಸುಡುವುದಕ್ಕೂ ಇದೇ ಗಣಿತ. ಸುಣ್ಣ ಬಳಿಯುವುದು, ಸೋಗೆ ಕಟ್ಟುವುದು ಹಳೆಯ ಕ್ರಮ. ಯಾವುದರಿಂದ ಎಷ್ಟು ಡಿಗ್ರಿ ಇಳಿಯುತ್ತದೆ ಎಂದು ಅಳೆದರೆ ಖರ್ಚು ಎಲ್ಲಿ ಮಾಡಬೇಕು ಎಂದು ಗೊತ್ತಾಗುತ್ತದೆ. ಕೂಡ್ಲಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ಇಂದಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಬೆಳೆದದ್ದು ಅದರಿಂದಲೇ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಾಸರಗೋಡಿನಲ್ಲಿ ಹಳೆಯ ಸರಕಾರಿ ಕಾಲೇಜು ಇದೆ. ಗಣಿತ, ಭೌತಶಾಸ್ತ್ರ, ಕೃಷಿ ಮೂರೂ ಒಂದೇ ಜಿಲ್ಲೆಯಲ್ಲಿ ಇಷ್ಟು ಹತ್ತಿರ ಇರುವುದು ದೊಡ್ಡ ಭಾಗ್ಯ. ಮೂರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ತಮಗಿದೆ.

ಭಾಷೆಯ ವಿಷಯ ಬಿಡುವ ಹಾಗಿಲ್ಲ. ನನ್ನ ಫೋನಿಗೆ ಬರುವ ಕೃಷಿ ಸಲಹೆ ಮಲಯಾಳದಲ್ಲಿ ಇರುತ್ತದೆ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ನನಗೆ ಹೇಗೋ ಅರ್ಥವಾಗುತ್ತದೆ. ಕನ್ನಡ ಶಾಲೆಯಲ್ಲಿ ಕಲಿತು, ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮಾತಾಡುವ ಹಿರಿಯ ಕೃಷಿಕರಿಗೆ ಆಗುವುದಿಲ್ಲ. ಅವರು ಮೊಮ್ಮಕ್ಕಳ ಹತ್ತಿರ ಓದಿಸಬೇಕು. ಮಲಯಾಳದ ಮೇಲೆ ನಮಗೆ ಯಾವ ಮುನಿಸೂ ಇಲ್ಲ, ಅದು ನಮ್ಮ ಪಕ್ಕದ ಮನೆಯ ಭಾಷೆ. ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರ ಹಕ್ಕಿನ ಮಾತಿದೆ. ಕಿತ್ತಳೆ ಎಚ್ಚರಿಕೆ ಕನ್ನಡದಲ್ಲಿ ಬರಬೇಕು ಎಂದು ಕೇಳುವುದು ಅನುಗ್ರಹ ಬೇಡುವುದಲ್ಲ. ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿಹೋದ ಮೇಲೆ, ಹಳ್ಳಿಯ ಭಾಷೆಯಲ್ಲಿ ಹಳ್ಳಿಯ ಬೆಳೆಯ ಬಗ್ಗೆ ಹೇಳುವ ಕೆಲಸ ಇನ್ನಷ್ಟು ಜಿಲ್ಲೆಗಳ ಹೆಗಲಿಗೇ ಬಂದಿದೆ.

ಮುನ್ಸೂಚನೆ ಯಾವಾಗಲೂ ನೂರಕ್ಕೆ ನೂರು ಸರಿ ಇರಬೇಕು ಎಂದು ನಾವು ಕೇಳುವುದಿಲ್ಲ. ಅದು ಆಗದ ಮಾತು. ಆರಂಭದ ಅಂಕೆಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ದಿನ ಕಳೆದಂತೆ ಉತ್ತರ ಬೇರೆಯೇ ಆಗುತ್ತದೆ. ಅದಕ್ಕೇ ವಿಜ್ಞಾನಿಗಳು ಸ್ವಲ್ಪ ಸ್ವಲ್ಪ ಬದಲಿಸಿದ ಆರಂಭಗಳಿಂದ ಹಲವು ಸಲ ಲೆಕ್ಕ ಓಡಿಸುತ್ತಾರೆ. ಅವುಗಳಲ್ಲಿ ಎಷ್ಟರಲ್ಲಿ ಮಳೆ ಬಂತು ಎಂದು ಎಣಿಸಿದರೆ ಸಾಧ್ಯತೆ ಸಿಗುತ್ತದೆ. ಆ ಸಾಧ್ಯತೆಯನ್ನು ಹಾಗೆಯೇ ನಮಗೆ ಹೇಳಿ. "ನಾಳೆ ಬೆಳಗ್ಗೆ ಮಳೆಯ ಸಾಧ್ಯತೆ 100ಕ್ಕೆ 30" ಎಂದರೆ ಕೃಷಿಕನಿಗೆ ಅರ್ಥವಾಗುತ್ತದೆ. ಉದಾಹರಣೆಗೆ ಮದ್ದಿನ ಖರ್ಚು, ಕೊಳೆ ಬಂದರೆ ಆಗುವ ನಷ್ಟದ ಐದನೇ ಒಂದು ಭಾಗ ಎಂದು ಇಟ್ಟುಕೊಳ್ಳೋಣ. ಮದ್ದು ಬಿಟ್ಟರೆ ಆ ನಷ್ಟ ತಪ್ಪುತ್ತದೆ ಎಂದಾದರೆ, ಕೊಳೆ ಬರುವ ಸಾಧ್ಯತೆ 100ಕ್ಕೆ 20 ದಾಟಿದ ಕೂಡಲೇ ಮದ್ದು ಬಿಡುವುದೇ ಲಾಭ. ಈ ಲೆಕ್ಕ ಮಾಡಲು ನಮ್ಮವರಿಗೆ ಕಾಗದವೂ ಬೇಡ. ಅಡಿಕೆ ಇಡುವುದೋ ಕೊಡುವುದೋ ಎಂದು ದಿನಾ ಇದೇ ಲೆಕ್ಕ ಹಾಕುವವರು ಅವರು.

ಭೂಮಿ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಬರುವ ಮಳೆ ಒಟ್ಟಿಗೇ ಸುರಿಯುವುದು, ನಡುವೆ ದೊಡ್ಡ ಅಂತರ ಬೀಳುವುದು ಇನ್ನೂ ಹೆಚ್ಚಬಹುದು. ಆದ್ದರಿಂದ ಮಳೆ ನಕ್ಷತ್ರ ನೋಡಿ ಕೆಲಸ ಮಾಡುವ ಕಾಲ ಮುಗಿಯುತ್ತ ಬಂದಿದೆ. ಅದರ ಜಾಗಕ್ಕೆ ಬರಬೇಕಾದದ್ದು ಇನ್ನೂ ನಮ್ಮ ಊರಿಗೆ ಮುಟ್ಟಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. 38 ಪಂಚಾಯತಿಗಳಲ್ಲೂ ಕನಿಷ್ಠ ಒಂದು ಸ್ವಯಂಚಾಲಿತ ಮಳೆಮಾಪಕ ಇಡಿಸಿ. ಪೂರ್ವದ ಗುಡ್ಡೆಗಾಡಿನ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ, ಪೈವಳಿಕೆಯಂಥ ಪಂಚಾಯತಿಗಳಲ್ಲಿ ಒಂದಕ್ಕಿಂತ ಜಾಸ್ತಿ ಬೇಕು, ಅಲ್ಲಿಂದಲೇ ಶುರು ಮಾಡಿ. ಅಂಕೆಗಳನ್ನು ಯಾರು ಬೇಕಾದರೂ ನೋಡುವ ಹಾಗೆ ದಿನವೂ ಪ್ರಕಟಿಸಿ. ಬೆಳೆ ವಿಮೆಗೆ ಆಯಾ ಪಂಚಾಯತಿಯ ಅಂಕೆಯನ್ನೇ ಬಳಸುವಂತೆ ರಾಜ್ಯ ಸರಕಾರಕ್ಕೆ ಬರೆಯಿರಿ. ಎಚ್ಚರಿಕೆ ಮತ್ತು ಕೃಷಿ ಸಲಹೆ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲೂ ಬರಲಿ, ಕೊಳೆರೋಗದ ಕಾಲದಲ್ಲಿ ಮದ್ದು ಬಿಡಲು ತಕ್ಕ ಹೊತ್ತನ್ನು ಸಾಧ್ಯತೆಯ ಜೊತೆ ಹೇಳಲಿ. ಬಾವಿ, ಕೊಳವೆಬಾವಿಗಳ ಮಟ್ಟ ಅಳೆಯುವ ಜಾಲವನ್ನು ಅಂತರ್ಜಲ ಇಲಾಖೆಯ ಜೊತೆ ಸೇರಿ ಹೆಚ್ಚಿಸಿ.

ಇದಕ್ಕೆಲ್ಲ ಮೊದಲು ಒಂದು ಸಭೆ ಕರೆಯಿರಿ. ಹವಾಮಾನ ಇಲಾಖೆ, ಸಿಪಿಸಿಆರ್‌ಐ, ಕಾಲೇಜುಗಳು, ಪಂಚಾಯತಿ ಅಧ್ಯಕ್ಷರು, ಮಳೆ ಪುಸ್ತಕ ಇಟ್ಟಿರುವ ಕೃಷಿಕರು, ಎಲ್ಲರೂ ಅದರಲ್ಲಿ ಇರಲಿ. ಬರುವ ಪತ್ತನಾಜೆಯ ಒಳಗೆ ಮೊದಲ ಕೆಲವು ಮಳೆಮಾಪಕಗಳಾದರೂ ಕೆಲಸ ಶುರು ಮಾಡಬೇಕು ಎಂಬುದು ನನ್ನ ಆಸೆ. ನಮ್ಮ ಮನೆಯ ಮೇಲಿನ ಗುಡ್ಡೆಯಲ್ಲಿ ಮರದ ನೆರಳು ಬೀಳದ ಬಯಲು ಜಾಗ ಇದೆ. ಒಂದನ್ನು ಅಲ್ಲಿ ಇಡುವುದಾದರೆ ಜಾಗ ಬಿಟ್ಟುಕೊಡುತ್ತೇನೆ, ಬೇಲಿ ಹಾಕಿಸುತ್ತೇನೆ, ನೋಡಿಕೊಳ್ಳುತ್ತೇನೆ. ಅಂಕೆಗಳನ್ನು ಮುನ್ಸೂಚನೆಯ ಜೊತೆ ಹೋಲಿಸಿ ತಿದ್ದುವ ಕೆಲಸಕ್ಕೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ. ಸಭೆಯ ದಿನ ತಿಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಎಣ್ಮಕಜೆಯ ಒಬ್ಬ ಅಡಿಕೆ ಕೃಷಿಕ, ಗಣಿತ ಅಧ್ಯಾಪಕ